ಮುನ್ನೂರ ಹನ್ನೆರಡು ತಾಂಡಾ

ಮೂರು ಸಾವಿರ ವರ್ಷದ ಯುದ್ಧಗಳನ್ನೆಲ್ಲ ಓದಿ ಬಾಯಿಪಾಠ ಮಾಡಿಕೊಂಡ ಯಂತ್ರವೊಂದು ಗಡಿಬಾಗಿಲಲ್ಲಿ ಕೂತು, ಬರುತ್ತಿರುವವರು ದಿಕ್ಕಿಲ್ಲದೆ ಬಂದವರೋ ದಂಡೆತ್ತಿ ಬಂದವರೋ ಎಂದು ಹೇಳುವಂತಾದರೆ ಹೇಗೆ? ಪಶ್ಚಿಮ ಒಕ್ಕೂಟದವರಿಗೆ ಈ ಯೋಚನೆ ಹೊಳೆದದ್ದು ಹೆದರಿಕೆಯ ಕಾಲದಲ್ಲಿ. ಹೆದರಿದವರಿಗೆ ಹೊಳೆಯುವ ಯೋಚನೆಗಳಲ್ಲಿ ಇದೇನೂ ತೀರಾ ಕೆಟ್ಟದ್ದಲ್ಲ ಬಿಡಿ. ಮನೆ ತುಂಬ ಎಲ್ಲವೂ ಇದ್ದು, ನಾಳೆಯ ಮೇಲಿನ ನಂಬಿಕೆಯೊಂದನ್ನೇ ಕಳೆದುಕೊಂಡಿದ್ದ ಜನ ಅವರು. ಒಮ್ಮೆ ಅರ್ಧ ಜಗತ್ತನ್ನು ಆಳಿದ್ದ ತಾವು ಈಗ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂದು ಹತ್ತು ವರ್ಷ ಜಗಳಾಡಿ ಸುಸ್ತಾಗಿದ್ದರು. ಯಂತ್ರ ಬಂತು, ಅದಕ್ಕೆ ಮಾರ್ಕಸ್ ಎಂದು ಹೆಸರಿಟ್ಟರು, ತೀರ್ಮಾನವನ್ನು ಅದರ ತಲೆಗೆ ಕಟ್ಟಿ ಹಾಯಾಗಿ ನಿದ್ದೆ ಮಾಡತೊಡಗಿದರು.

ಮಾರ್ಕಸ್ ಮಾಡುತ್ತಿದ್ದ ಕೆಲಸ ಹೇಳಲು ಸುಲಭ. ಗಡಿಯತ್ತ ಬರುವ ಗುಂಪನ್ನು ಆಕಾಶದಿಂದ ನೋಡುತ್ತಿತ್ತು: ಎಷ್ಟು ಜನ, ಎಷ್ಟು ಬಂಡಿ, ಎಷ್ಟು ವೇಗ, ಯಾರು ಮುಂದೆ, ಯಾರು ಹಿಂದೆ. ಆಮೇಲೆ ತನ್ನ ನೆನಪಿನ ನಲವತ್ತು ಸಾವಿರ ದಂಡಯಾತ್ರೆಗಳೊಂದಿಗೆ ಹೋಲಿಸಿ ನೂರಕ್ಕೆ ಇಷ್ಟು ಎಂದು ಒಂದು ಅಂಕಿ ಕೊಡುತ್ತಿತ್ತು. ಎಪ್ಪತ್ತಾದರೆ ಗಡಿಬಾಗಿಲು ತಾನಾಗಿ ಮುಚ್ಚುತ್ತಿತ್ತು. ಇಬ್ಬರು ಅಧಿಕಾರಿಗಳು ಒಟ್ಟಿಗೆ ಕೀಲಿ ತಿರುಗಿಸಿದರೆ ಮತ್ತೆ ತೆರೆಯಬಹುದು, ಹಾಗೆ ತೆರೆದದ್ದನ್ನು ಯಂತ್ರ ಮುಚ್ಚಲಾರದು. ಆದರೆ ಎಂಬತ್ತು ಮುಟ್ಟಿತೋ, ಆ ಕೀಲಿಗೂ ಬೆಲೆಯಿಲ್ಲ. ಮೂರು ದಿನ ಬಾಗಿಲು ಯಾರ ಕೈಗೂ ಬಗ್ಗದು. ಮನುಷ್ಯರ ಮನಸ್ಸು ಕೊನೇ ಗಳಿಗೆಯಲ್ಲಿ ಕರಗಿಬಿಡುತ್ತದೆ ಎಂದು ಹಾಗೆ ಮಾಡಿಟ್ಟಿದ್ದರು.

ಆ ಇಬ್ಬರಲ್ಲಿ ಒಬ್ಬಳು ಕಸ್ತೂರಿ ಲಮಾಣಿ. ಗದಗ ಜಿಲ್ಲೆಯ ಒಂದು ತಾಂಡಾದಲ್ಲಿ ಹುಟ್ಟಿ, ಧಾರವಾಡದಲ್ಲಿ ಯುದ್ಧಗಳ ಇತಿಹಾಸ ಓದಿ, ಆರು ವರ್ಷದ ಹಿಂದೆ ಹಾಸ್ಟೆನ್ ಎಂಬ ಈ ಕಡಲೂರಿಗೆ ಬಂದವಳು. ಮಾರ್ಕಸ್‌ಗೆ ಇತಿಹಾಸ ಉಣಿಸುವುದು ಅವಳ ಕೆಲಸ. ಮನೆಯಲ್ಲಿ ಅವಳೂ ಗಂಡನೂ ಅದನ್ನು 'ಮುದುಕ' ಎಂದೇ ಕರೆಯುತ್ತಿದ್ದರು.

"ಏನಂತಾನ ಮುದುಕ?" ಎಂದು ಕೇಳಿದ ಫಕೀರೇಶ ಆ ದಿನ ಬೆಳಿಗ್ಗೆ. ಶಿರಹಟ್ಟಿಯವನು, ಹಾಸ್ಟೆನ್ನಿನ ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಮುಗಿಸಿ ಬಂದು, ಬೂಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ.

"ಅರವತ್ತೊಂದು ಅಂದಾನ," ಎಂದಳು ಕಸ್ತೂರಿ, ರೊಟ್ಟಿ ತಿರುವಿ ಹಾಕುತ್ತ. "ಮೂಡಣ ದಿಕ್ಕಿಂದ ಹನ್ನೊಂದು ಸಾವಿರ ಮಂದಿ ಬರಾಕತ್ತಾರ. ಇವತ್ತ ಕಡಲದಾರಿ ದಾಟತಾರ."

"ಬಾಗಿಲ ತಗದೈತಿಲ್ಲೊ?"

"ಸದ್ಯಕ್ಕ ತಗದೈತಿ."

ಅವನು ರೊಟ್ಟಿ ಮುರಿದ, ಆದರೆ ಬಾಯಿಗಿಡಲಿಲ್ಲ. "ನಮ್ಮ ವಾರ್ಡಿನಾಗ ಆ ಹೆಣ್ಣಮಗಳು ಅದಾಳಲ್ಲ, ಉತ್ತರದ ಬಾಗಿಲಿಂದ ಬಂದಾಕಿ. ಮೂರು ತಿಂಗಳಾದ ಮ್ಯಾಲೆ ಇವತ್ತ ಆ ದಿನದ ಮಾತು ತಗದಳು. ಅವರ ಚೀಲದಾಗೆಲ್ಲ ಬೀಜ ಇತ್ತಂತ. ಬಿತ್ತಾಕ ಭೂಮಿ ಸಿಗತೈತಿ ಅಂತ ಯಾರೋ ಹೇಳಿದ್ರಂತ. ಬಾಗಿಲ ಮುಚ್ಚಿದ ಮ್ಯಾಲೂ ಹಿಮದಾಗ ಮೂರ ದಿನ ನಿಂತಾರ. ಆಕಿ ಕಾಲಾಗ ಒಂದ ಬೆರಳೂ ಉಳದಿಲ್ಲ ಕಸ್ತೂರಿ."

ಕಸ್ತೂರಿ ಒಲೆ ಆರಿಸಿದಳು.

"ಅವರ ಹಿಂದ ದಂಡು ಬಂತೇನು, ನಿಮ್ಮ ಮುದುಕ ಹೇಳಿದಂಗ?"

"ಬರಲಿಲ್ಲ. ಬಾಗಿಲ ಮುಚ್ಚಿದ್ದಕ್ಕ ಬರಲಿಲ್ಲ ಅಂತ ವರದಿಯೊಳಗ ಬರದ್ರು."

"ಚಲೋ ಆತು ಬಿಡು," ಎಂದ ಫಕೀರೇಶ. "ಬಂದ್ರೂ ಅವನ ಮಾತು ಖರೆ, ಬರದಿದ್ರೂ ಖರೆ. ಇಂಥಾ ನೌಕರಿ ನಮಗೆಲ್ಲಿ ಸಿಗತೈತಿ?"

ಅವಳಿಗೆ ಸಿಟ್ಟು ಬಂತು. ಬಂದದ್ದು ಅವನ ಮೇಲಲ್ಲ. ಆದರೆ ಎದುರಿಗಿದ್ದವನು ಅವನೇ. "ಆ ನೌಕರಿ ಮ್ಯಾಲೇ ನಾವಿಬ್ರೂ ಇಲ್ಲಿ ಇರೋದ್ರೀ," ಎಂದು ಗೋಡೆಯ ಮೇಲಿದ್ದ ಪತ್ರ ತೋರಿಸಿದಳು. ವಾಸದ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತಿತ್ತು. ಅವಳ ಹುದ್ದೆ ಇದ್ದರೆ ಮಾತ್ರ ನವೀಕರಣ. ಅವಳು ಕೋಟು ಹಾಕಿಕೊಂಡು ಬಸ್ಸಿಗೆ ಓಡಿದಳು.

*

ಕಂಟ್ರೋಲ್ ರೂಮು ಇದ್ದದ್ದು ಕಡಲಂಚಿನ ಹಳೆಯ ಕೋಟೆಯೊಳಗೆ. ಕಿಟಕಿಯಿಂದ ನೋಡಿದರೆ ಆರು ಕಿಲೋಮೀಟರು ಉದ್ದದ ಕಲ್ಲಿನ ದಾರಿ ಕಾಣುತ್ತಿತ್ತು. ಇಳಿತದ ಹೊತ್ತಿಗೆ ಕಡಲು ಹಿಂದೆ ಸರಿದು ಆ ದಾರಿ ಮೇಲೇಳುತ್ತದೆ. ಉಬ್ಬರ ಬಂತೆಂದರೆ ಆಳೆತ್ತರ ನೀರಿನಡಿಗೆ ಹೋಗುತ್ತದೆ. ಆ ದಿನ ದಾರಿ ಮುಳುಗುವ ಹೊತ್ತು ನಾಲ್ಕೂ ಹತ್ತು. ಬೆಳಿಗ್ಗೆಯೇ ಹೊರಟಿದ್ದ ಜನ ಮಧ್ಯಾಹ್ನ ಒಂದೂವರೆಗೆ ಬಾಗಿಲಿನಿಂದ ಅರ್ಧ ಕಿಲೋಮೀಟರಿನಲ್ಲಿದ್ದರು. ಮುಂದೆ ಎತ್ತಿನ ಬಂಡಿಗಳು, ಚೀಲಗಳು, ಚೀಲಗಳ ಮೇಲೆ ಮಕ್ಕಳು. ಹಿಂದೆ ನಡೆಯುವವರು.

ಒಂದೂ ನಲವತ್ತಕ್ಕೆ ಮಾರ್ಕಸ್ ಎಪ್ಪತ್ತೊಂದು ಎಂದಿತು. ಕೋಟೆಯ ಕೆಳಗೆ ಕಬ್ಬಿಣದ ಬಾಗಿಲು ಮುಚ್ಚಿಕೊಂಡ ಸದ್ದಿಗೆ ಮೇಜಿನ ಮೇಲಿನ ಲೋಟಗಳು ಅದುರಿದವು.

"ಮುಚ್ಚಿತು," ಎಂದ ಕರ್ನಲ್ ಹೆಂಡ್ರಿಕ್ ವಾಲ್ಡರ್. ಎರಡನೆಯ ಕೀಲಿ ಅವನದು. ಅರವತ್ತರ ಹತ್ತಿರದವನು, ಮಿತಭಾಷಿ, ಸಿಪಾಯಿಗಳ ಹೆಂಡಿರ ಹೆರಿಗೆಗೆ ತಾನೇ ರಜೆ ಬರೆದುಕೊಡುವಂಥ ಒಳ್ಳೆಯ ಮನುಷ್ಯ. ನವೆಂಬರಿನಲ್ಲಿ ಉತ್ತರದ ಬಾಗಿಲಿಗೆ ಅವನೇ ಅಧಿಕಾರಿಯಾಗಿದ್ದ. ಅದಕ್ಕೆ ಪದಕವೂ ಬಂದಿತ್ತು. ಅವನು ಆ ಪದಕ ಹಾಕಿಕೊಂಡದ್ದನ್ನು ಯಾರೂ ನೋಡಿರಲಿಲ್ಲ.

"ಅವರು ಹಿಂದಕ್ಕೆ ಹೋಗಲಾರರು ಕರ್ನಲ್. ಐದು ಕಿಲೋಮೀಟರಿಗಿಂತ ಹೆಚ್ಚು ದಾರಿ, ಬರಲೇ ಬೆಳಿಗ್ಗೆಯಿಂದ ಹಿಡಿದಿದೆ, ಬಂಡಿ ತಿರುಗಿಸಲು ಜಾಗವಿಲ್ಲ. ಅಷ್ಟರಲ್ಲಿ ನೀರು ಬರುತ್ತದೆ."

"ಗೊತ್ತು. ಮಾರ್ಕಸ್ ಯಾಕೆ ಹಾಗಂತು, ನೋಡಿ."

ಅವಳು ಕಾರಣಗಳ ಪಟ್ಟಿ ತೆರೆದಳು. ಈ ಗುಂಪಿಗೆ ತೀರಾ ಹತ್ತಿರದ ಹದಿನಾಲ್ಕು ದಂಡಯಾತ್ರೆಗಳನ್ನು ಮುದುಕ ಆರಿಸಿಕೊಂಡಿದ್ದ. ಅದರಲ್ಲಿ ಹನ್ನೊಂದು ದಖ್ಖನ್ನಿನವು. ದಖ್ಖನ್! ಈ ಚಳಿಯ ಕಡಲಿಗೂ ಬಿಜಾಪುರದ ಬಯಲಿಗೂ ಎತ್ತಣ ಸಂಬಂಧ? ಮೊದಲನೆಯದನ್ನು ತೆರೆದು ಓದಿದಳು. ಮುಂಚೂಣಿ: ತಾಂಡಾ. ಎತ್ತುಗಳು, ಕಾಳಿನ ಚೀಲ, ಹೆಂಗಸರು, ಮಕ್ಕಳು. ಪಡೆಯ ಭಾಗವೇ: ಹೌದು. ಮುಖ್ಯ ದಂಡು ಬಂದದ್ದು: ಎರಡು ದಿನದ ನಂತರ. ಕೆಳಗೆ ನಮೂದಿಸಿದವರ ಹೆಸರು: ಕ. ಲಮಾಣಿ.

ಉಳಿದ ಹತ್ತನ್ನೂ ತೆರೆದು ನೋಡಿದಳು: ಎಲ್ಲದರ ಕೆಳಗೂ ಅದೇ ಹೆಸರು.

ಆರು ವರ್ಷದ ಹಿಂದಿನ ಕೆಲಸ ಅದು. ದಖ್ಖನ್ನಿನ ಕಾಗದಪತ್ರಗಳನ್ನು ಓದಿ ಮಾರ್ಕಸ್‌ಗೆ ಸೇರಿಸಬಲ್ಲವಳು ಅವಳೊಬ್ಬಳೇ ಇದ್ದಳು. ಹಳೆಯ ಕಾಲದಲ್ಲಿ ಲಂಬಾಣಿಗಳು ತಾಂಡಾ ತಾಂಡಾವಾಗಿ ಎತ್ತುಗಳ ಮೇಲೆ ಕಾಳು ಹೇರಿಕೊಂಡು ದಂಡಿಗಿಂತ ಮುಂದೆ ಹೋಗಿ, ದಂಡು ಬರುವ ಹೊತ್ತಿಗೆ ಬಜಾರು ಹೂಡಿರುತ್ತಿದ್ದರು. ಅವರು ಯಾರ ಸೈನಿಕರೂ ಅಲ್ಲ. ಈ ತಿಂಗಳು ಇವರಿಗೆ ಕಾಳು ಕೊಟ್ಟರೆ ಮುಂದಿನ ತಿಂಗಳು ಅವರಿಗೆ. ಎರಡೂ ಕಡೆಯವರು ಅವರನ್ನು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಊಟಕ್ಕೆ ಕಲ್ಲು. ಆದರೆ ಕಸ್ತೂರಿ ಓದಿದ ಪುಸ್ತಕಗಳಲ್ಲೆಲ್ಲ ಅವಳ ಜನಕ್ಕೆ ಸಿಕ್ಕಿದ್ದು ಪುಟದ ಅಡಿಯ ಸಣ್ಣಕ್ಷರ. ದಂಡಿನ ಬೆನ್ನು ಹತ್ತಿದವರು, ಅಲೆಮಾರಿಗಳು. ಓದಿ ಓದಿ ಅವಳ ಹೊಟ್ಟೆ ಉರಿದಿತ್ತು. ಆ ಉರಿಯಲ್ಲಿ, ಮೊಟ್ಟಮೊದಲ ಸಲ ತನ್ನ ಕೈಗೆ ಅಧಿಕಾರ ಬಂದಾಗ, ಮುನ್ನೂರ ಹನ್ನೆರಡು ದಂಡಯಾತ್ರೆಗಳಲ್ಲಿ ಒಂದನ್ನೂ ಬಿಡದೆ ತಾಂಡಾವನ್ನು ಮುಂಚೂಣಿ ಪಡೆ ಎಂದು ಬರೆದಳು. ಬರೆದು ಮುಗಿಸಿದ ದಿನ ಫಕೀರೇಶನಿಗೆ ಸಿಹಿ ಮಾಡಿ ಹಾಕಿದ್ದಳು. ನಮ್ಮವರು ಇನ್ನು ಇತಿಹಾಸದಾಗ ಬಂದ್ರು ನೋಡ್ರಿ ಎಂದಿದ್ದಳು.

ಬರೆಯದೆ ಬಿಟ್ಟದ್ದೂ ಈಗ ನೆನಪಾಯಿತು. ಬರಗಾಲದ ವರ್ಷಗಳಲ್ಲಿ ಅದೇ ತಾಂಡಾಗಳು ಅದೇ ಎತ್ತು, ಅದೇ ಮಕ್ಕಳೊಂದಿಗೆ ನೂರಾರು ಮೈಲಿ ನಡೆದಿದ್ದವು. ಅವರ ಹಿಂದೆ ಯಾವ ದಂಡೂ ಬಂದಿರಲಿಲ್ಲ. ಯುದ್ಧವಲ್ಲವಲ್ಲ, ಹಾಗಾಗಿ ಅದನ್ನು ಯಾರೂ ಮಾರ್ಕಸ್‌ಗೆ ಹೇಳಿರಲಿಲ್ಲ. ಹಿಂದೆ ದಂಡಿಲ್ಲದೆ ನಡೆಯುವ ಜನವನ್ನು ಆ ಯಂತ್ರ ತನ್ನ ಜನ್ಮದಲ್ಲಿ ನೋಡಿರಲೇ ಇಲ್ಲ.

ಪರದೆಯ ಮೇಲೆ ಅಂಕಿ ಎಪ್ಪತ್ನಾಲ್ಕಾಯಿತು. ಅವಳು ಎದ್ದು ಮೆಟ್ಟಿಲ ಹತ್ತಿರ ಹೋಗಿ ಗಂಡನಿಗೆ ಫೋನು ಮಾಡಿದಳು.

"ರೀ, ನಾ ಒಂದು ದೊಡ್ಡ ತಪ್ಪ ಮಾಡೀನಿ. ಹೇಳಿದ್ರ ನಾವಿಬ್ರೂ ಗಂಟುಮೂಟೆ ಕಟ್ಟಬೇಕಾಗತೈತಿ."

ಫಕೀರೇಶ ನಿದ್ದೆಯಿಂದ ಎದ್ದಿದ್ದ. "ಹೇಳದಿದ್ರ?"

"ಹನ್ನೊಂದು ಸಾವಿರ ಮಂದಿ ನೀರಾಗ ಹೋಗ್ತಾರ."

"ಮತ್ತ ನನಗ್ಯಾಕ ಫೋನ್ ಮಾಡಿ ಹೊತ್ತ ಕಳೀತೀ? ಇಡ ಇಡ," ಎಂದು ಅವನೇ ಇಟ್ಟುಬಿಟ್ಟ.

*

ಕರ್ನಲ್ ಎಲ್ಲವನ್ನೂ ಕೇಳಿಸಿಕೊಂಡ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ದಾರಿಯ ಎರಡೂ ಬದಿಯ ಕೆಸರಿನಲ್ಲಿ ನೀರು ಮಿನುಗತೊಡಗಿತ್ತು.

"ದಾಖಲೆ ತಿದ್ದಿ ಮಾರ್ಕಸ್‌ಗೆ ಮತ್ತೆ ಲೆಕ್ಕ ಹಾಕಲು ಹೇಳಿ."

"ತಿದ್ದಿದ್ದೇನೆ. ನಲವತ್ತು ಸಾವಿರ ಯುದ್ಧಗಳನ್ನು ಮತ್ತೆ ಹೋಲಿಸಬೇಕು, ಮೂರು ಗಂಟೆ ಬೇಕು ಅದಕ್ಕೆ. ನೀರು ಕಾಯುವುದಿಲ್ಲ. ಕೀಲಿ ತಿರುಗಿಸೋಣ ಕರ್ನಲ್."

"ಹದಿನಾರು ನೂರು ವರ್ಷದ ಹಿಂದೆ," ಎಂದ ಅವನು ನಿಧಾನಕ್ಕೆ, "ರೋಮಿನವರು ಡ್ಯಾನ್ಯೂಬ್ ನದಿ ದಾಟಿಸಿ ಒಂದು ಜನವನ್ನು ಒಳಗೆ ಬಿಟ್ಟುಕೊಂಡರು. ಅವರೂ ಹೀಗೇ ಬಂದಿದ್ದರು, ಬಂಡಿ, ಮಕ್ಕಳು, ಹಸಿವು. ಎರಡು ವರ್ಷಕ್ಕೆ ಅದೇ ಜನ ರೋಮಿನ ಚಕ್ರವರ್ತಿಯನ್ನೇ ಯುದ್ಧಭೂಮಿಯಲ್ಲಿ ಕೊಂದರು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವ ಪಾಠ ಇದು."

"ಪಾಠದ ಅರ್ಧ ಇದು. ಒಳಗೆ ಬಿಟ್ಟುಕೊಂಡ ಮೇಲೆ ಏನಾಯಿತು, ಅದನ್ನೂ ಹೇಳಿ. ಅನ್ನ ಕೊಡುತ್ತೇವೆ ಎಂದು ಕರೆದ ಅಧಿಕಾರಿಗಳು ಅನ್ನ ಬಚ್ಚಿಟ್ಟರು. ನಾಯಿಮಾಂಸ ಕೊಟ್ಟು ಬದಲಿಗೆ ಅವರ ಮಕ್ಕಳನ್ನು ಗುಲಾಮರಾಗಿ ತೆಗೆದುಕೊಂಡರು. ಆಮೇಲೆ ಅವರು ತಿರುಗಿಬಿದ್ದರು. ನಾನಾಗಿದ್ದರೂ ತಿರುಗಿಬೀಳುತ್ತಿದ್ದೆ."

"ನೀವು ಹಾಗೆ ಹೇಳಲೇಬೇಕು ಲಮಾಣಿ. ನೀವೂ ಹೊರಗಿನಿಂದ ಬಂದವರು."

ಎಲ್ಲಿ ತಾಗಬೇಕೋ ಅಲ್ಲೇ ತಾಗಿತು ಮಾತು. ಆರು ವರ್ಷ ಒಂದೇ ಮೇಜಿನಲ್ಲಿ ಟೀ ಕುಡಿದವನು! "ಹೌದು, ಹೊರಗಿನವಳೇ," ಎಂದಳು ಕಸ್ತೂರಿ. "ನನ್ನ ಜನ ಎಂದು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಾ? ನನ್ನ ಜನ ಎಂಬ ಹೆಮ್ಮೆಗೇ ಆರು ವರ್ಷದ ಹಿಂದೆ ಸುಳ್ಳು ಬರೆದವಳು ನಾನು. ಈಗ ಹೇಳುತ್ತಿರುವುದು ನಿಜ. ಇದರಿಂದ ನನ್ನ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಸುಳ್ಳು ಹೇಳುವವಳು ಇಂಥ ಸುಳ್ಳು ಯಾಕೆ ಹೇಳಲಿ?"

ಕರ್ನಲ್ ಕಿಟಕಿಯ ಕಡೆ ತಿರುಗಿ ನಿಂತ. "ನಿಮ್ಮ ಮಾತು ನಿಜವಾದರೆ, ನವೆಂಬರ್?"

ಅವನು ಕೀಲಿ ಮುಟ್ಟದಿರುವುದು ಈ ಜನರ ಹೆದರಿಕೆಯಿಂದಲ್ಲ ಎಂದು ಆಗ ಅವಳಿಗೆ ತಿಳಿಯಿತು. ಇವತ್ತು ಬಾಗಿಲು ತೆರೆದರೆ ಅಂದು ಮುಚ್ಚಿದ್ದು ಯಾವ ಧೈರ್ಯದ ಮೇಲೆ? ಆ ಪ್ರಶ್ನೆ ಅವನೊಬ್ಬನದಲ್ಲ. ಇಡೀ ಒಕ್ಕೂಟ ನೆಮ್ಮದಿಯಾಗಿ ಮಲಗುತ್ತಿದ್ದದ್ದು ಮುದುಕ ಎಂದೂ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ.

ಮೂರೂ ಹತ್ತಕ್ಕೆ ಅಂಕಿ ಎಪ್ಪತ್ತೇಳಾಯಿತು. ಬಂಡಿಗಳು ಚಲಿಸತೊಡಗಿದ್ದವು. ದಾರಿ ಸ್ವಲ್ಪ ಅಗಲವಾಗಿರುವಲ್ಲಿ ಜನ ಅವನ್ನು ದುಂಡಗೆ ನಿಲ್ಲಿಸುತ್ತಿದ್ದರು. ಮಾರ್ಕಸ್ ಪರದೆಯ ಕೆಳಗೆ ಬರೆಯಿತು: ಕೋಟೆಕಟ್ಟು, ರಕ್ಷಣಾ ವ್ಯೂಹ.

"ನೋಡಿದಿರಾ?" ಎಂದ ಕರ್ನಲ್.

"ನೋಡಿ, ನಡುವೆ ಯಾರನ್ನು ಕೂರಿಸುತ್ತಿದ್ದಾರೆ ನೋಡಿ," ಎಂದಳು ಕಸ್ತೂರಿ. "ನಮ್ಮಜ್ಜಿ ಹೇಳುತ್ತಿದ್ದರು, ತಾಂಡಾ ಎಲ್ಲಿ ಇಳಿದರೂ ಮೊದಲು ಹೇರುಗಳನ್ನು ದುಂಡಗೆ ಪೇರಿಸಿ ಮಕ್ಕಳನ್ನು ಒಳಗೆ ಬಿಡುತ್ತಿದ್ದರಂತೆ. ಗಾಳಿಗೆ, ತೋಳಕ್ಕೆ. ಇದು ಕೋಟೆಯಲ್ಲ, ತೊಟ್ಟಿಲು."

ಅವನು ತಲೆಯಾಡಿಸಿದ. ನಂಬಿದ್ದಕ್ಕೋ ನಂಬದ್ದಕ್ಕೋ ಗೊತ್ತಾಗಲಿಲ್ಲ.

ಮೂರೂ ಇಪ್ಪತ್ತೈದಕ್ಕೆ ಮೊದಲ ನೀರು ದಾರಿಯ ತಗ್ಗಿನಲ್ಲಿ ಕಲ್ಲಿನ ಮೇಲೆ ಹರಿಯಿತು. ಬಂಡಿಗಳಿಂದ ಹೆಂಗಸರು ಚೀಲಗಳನ್ನು ಕೆಳಗೆಳೆದು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸತೊಡಗಿದರು. ಕೊನೆಯವರು ಅವನ್ನು ಒಂದರ ಮೇಲೊಂದು ತಗ್ಗಿಗೆ ಹಾಕುತ್ತಿದ್ದರು. ಮಾರ್ಕಸ್ ಬರೆಯಿತು: ಮುತ್ತಿಗೆಯ ದಿಬ್ಬ ನಿರ್ಮಾಣ. ಎಪ್ಪತ್ತೊಂಬತ್ತು.

"ದೊಡ್ಡದು ಮಾಡಿ," ಎಂದ ಕರ್ನಲ್ ಒಮ್ಮೆಗೇ. "ಆ ಚೀಲ. ಹತ್ತಿರ ತನ್ನಿ."

ಚಿತ್ರ ಹತ್ತಿರ ಬಂತು. ಒಂದು ಚೀಲ ಒಡೆದಿತ್ತು. ಅದರಿಂದ ಗೋಧಿ ಸುರಿದು ನೀರಿನ ಜೊತೆ ಹರಿದು ಹೋಗುತ್ತಿತ್ತು. ಒಬ್ಬ ಮುದುಕಿ ಬಗ್ಗಿ ಎರಡು ಬೊಗಸೆ ತುಂಬಿಕೊಂಡಳು, ಉಡಿಗೆ ಹಾಕಿಕೊಳ್ಳಲು ಹೋಗಿ ತಡೆದು, ಮತ್ತೆ ಅಲ್ಲೇ ಸುರಿದು ಕಾಲಿನಿಂದ ತುಳಿದು ಗಟ್ಟಿ ಮಾಡಿದಳು. ಆಮೇಲೆ ಒಂದು ಮಗುವನ್ನು ಎತ್ತಿ ಅದರ ಮೇಲೆ ನಿಲ್ಲಿಸಿದಳು.

ಕರ್ನಲ್ ಪರದೆಗೆ ಮುಖ ತಾಗುವಷ್ಟು ಬಗ್ಗಿದ. ಮೂವತ್ತೈದು ವರ್ಷ ಸಿಪಾಯಿಯಾಗಿದ್ದವನು. ಹೊಟ್ಟೆಗೆ ಅನ್ನವಿದ್ದರಷ್ಟೇ ದಂಡು ಮುಂದೆ ನಡೆಯುತ್ತದೆ ಎಂಬುದನ್ನು ಪುಸ್ತಕ ಓದಿ ತಿಳಿದವನಲ್ಲ. "ಹಿಂದೆ ಸೈನ್ಯ ಬರುವುದಿದ್ದರೆ," ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ, "ಅದರ ಅನ್ನವನ್ನು ಯಾರಾದರೂ ಕಡಲಿಗೆ ಹಾಕುತ್ತಾರಾ?"

"ಅದು ಅವರ ಕೊನೆಯ ಅನ್ನ ಕರ್ನಲ್. ಕೀಲಿ!"

ಅವನು ಕೀಲಿ ಎಳೆದ, ಕುತ್ತಿಗೆಯ ಸರಪಳಿ ಕಾಲರಿಗೆ ಸಿಕ್ಕಿಕೊಂಡಿತು. ಕಸ್ತೂರಿ ತನ್ನ ಕೀಲಿ ಹಾಕಿ ಹಿಡಿದುಕೊಂಡು ನಿಂತಿದ್ದಳು. ಅಂಕಿಯ ಪಕ್ಕದ ದಶಾಂಶಗಳು ಏರುತ್ತಿದ್ದವು: ಎಪ್ಪತ್ತೊಂಬತ್ತು ಪಾಯಿಂಟ್ ಆರು, ಏಳು. ದೇವರೇ, ಬೇಗ, ಬೇಗ ಎಂದು ಅವಳು ತನ್ನ ತಾಂಡಾದ ಮಾತು ಗೋರಮಾಟಿಯಲ್ಲೂ ಕನ್ನಡದಲ್ಲೂ ಗೊಣಗಿದಳು. ಅವನು ಕೀಲಿ ತೂರಿಸಿದ. ಇಬ್ಬರೂ ಒಟ್ಟಿಗೆ ತಿರುಗಿಸಿದರು.

ಕೆಳಗೆ ಕಬ್ಬಿಣ ನರಳಿ ಬಾಗಿಲು ಸರಿಯಿತು. ಬಾಗಿಲೀಗ ಮಾರ್ಕಸ್‌ನ ಕೈಯಿಂದ ಹೊರಗೆ; ಅದು ಎಂಬತ್ತೆರಡು ಎಂದದ್ದು ಪರದೆಯ ಮೇಲಷ್ಟೇ ಉಳಿಯಿತು. ಒಕ್ಕೂಟದ ಮುಖ್ಯ ಕಚೇರಿಯ ಫೋನು ಹೊಡೆದುಕೊಳ್ಳತೊಡಗಿತು. ಕರ್ನಲ್ ಅದರ ತಂತಿ ಕಿತ್ತು, ಸಿಪಾಯಿಗಳನ್ನು ಕರೆದು, ಹಗ್ಗ ದೋಣಿ ತೆಗೆದುಕೊಂಡು ಕೆಳಗಿಳಿದ.

ಕೊನೆಯವರು ಒಳಗೆ ಬರುವಾಗ ನೀರು ಎದೆಮಟ್ಟಕ್ಕಿತ್ತು. ಇಪ್ಪತ್ತು ಬಂಡಿಗಳು ಕಡಲು ಪಾಲಾದವು. ಎತ್ತುಗಳ ಹಗ್ಗ ಬಿಚ್ಚಿದ್ದರಿಂದ ಅವು ಈಜಿ ಬಂದವು. ಮನುಷ್ಯರಲ್ಲಿ ಒಬ್ಬರೂ ಹೋಗಲಿಲ್ಲ.

*

ಸಂಜೆ ಐದೂಮುಕ್ಕಾಲಿಗೆ ಹೊಸ ಲೆಕ್ಕ ಬಂತು. ಇಪ್ಪತ್ಮೂರು.

ಕಸ್ತೂರಿ ಕುರ್ಚಿಗೊರಗಿ ಅತ್ತಳು. ಸರಿಯಾಗಿತ್ತಲ್ಲ ಎಂಬ ನೆಮ್ಮದಿಗೆ. ಕರ್ನಲ್ ಒದ್ದೆ ಬಟ್ಟೆಯಲ್ಲೇ ನಿಂತಿದ್ದ. ಅವಳು ಕಣ್ಣೊರಸಿಕೊಳ್ಳುವವರೆಗೂ ಕಾದು ಹೇಳಿದ: "ನವೆಂಬರಿನದೂ ಹಾಕಿ."

"ಬೇಡ ಕರ್ನಲ್."

"ಹಾಕಿ."

ಹಾಕಿದಳು. ಅಂದು ಎಂಬತ್ನಾಲ್ಕು ಎಂದಿದ್ದ ಮುದುಕ ಈಗ ಹತ್ತೊಂಬತ್ತು ಎಂದ. ಬೆಳಿಗ್ಗೆ ಫಕೀರೇಶ ಹೇಳಿದ ಬೀಜದ ಚೀಲಗಳು, ಅವಳು ಆರು ವರ್ಷದ ಹಿಂದೆ ಬರೆದ ಕಾಳಿನ ಚೀಲಗಳು. ಕರ್ನಲ್ ಹುಕುಮು ಪಾಲಿಸಿದ್ದ, ಯಂತ್ರ ಕಲಿಸಿದ್ದನ್ನು ಒಪ್ಪಿಸಿತ್ತು. ಕಲಿಸಿದವಳು ಅವಳು. ಸಿಹಿ ಮಾಡಿ ಹಾಕಿದ್ದಳಲ್ಲ, ಸಿಹಿ!

"ಎಷ್ಟು ಜನ ಇದ್ದರು?" ಎಂದಳು.

"ಆರು ಸಾವಿರ. ನಾಲ್ಕನೆಯ ದಿನ ಬಾಗಿಲು ತೆರೆದಾಗ ಯಾರೂ ಕಾಣಲಿಲ್ಲ. ಹಿಮ ಬಿದ್ದಿತ್ತು." ಅವನು ಕೀಲಿಯನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ಯಾರಾದರೂ ಉಳಿದಿದ್ದಾರಾ?"

"ಒಬ್ಬಳು. ನನ್ನ ಗಂಡನ ವಾರ್ಡಿನಲ್ಲಿ."

ಇಬ್ಬರೂ ಆಸ್ಪತ್ರೆಗೆ ಹೋದಾಗ ಫಕೀರೇಶ ಸಂಜೆಯ ಔಷಧಿ ಹಂಚುತ್ತಿದ್ದ. ಹೆಂಡತಿಯ ಮುಖ ನೋಡಿ ಕಿಟಕಿಯ ಪಕ್ಕದ ಹಾಸಿಗೆಗೆ ಕರೆದುಕೊಂಡು ಹೋದ. ಮೂವತ್ತರ ಆಸುಪಾಸಿನ ಹೆಂಗಸು. ಸಮವಸ್ತ್ರ ಕಂಡದ್ದೇ ಕಾಲುಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಕರ್ನಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಹೆಂಗಸು ತನ್ನ ಭಾಷೆಯಲ್ಲಿ ಫಕೀರೇಶನನ್ನು ಏನೋ ಕೇಳಿದಳು. ಮೂರು ತಿಂಗಳಲ್ಲಿ ಅವನು ಅವಳ ಮಾತು ಅಷ್ಟಿಷ್ಟು ಕಲಿತಿದ್ದ.

"ಏನಂತಾಳ್ರೀ?" ಎಂದಳು ಕಸ್ತೂರಿ.

"ಇವರು ಯಾರು ಅಂತ ಕೇಳಾಕತ್ತಾಳ." ಅವನು ಔಷಧಿಯ ತಟ್ಟೆ ಹಿಡಿದುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ. "ಏನ ಹೇಳಲಿ?"

ಕಸ್ತೂರಿ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಳು. ಹೆಂಗಸಿನ ಕಣ್ಣು ತಪ್ಪಿಸಲಿಲ್ಲ.

"ನೀವು ದಂಡು ತಂದೀರಿ ಅಂತ ಬರದಾಕಿ ನಾನು ಅಂತ ಹೇಳ್ರಿ," ಎಂದಳು. "ಬಾಗಿಲ ಮುಚ್ಚಿದಾಕಿ."

ಫಕೀರೇಶ ತಟ್ಟೆಯನ್ನು ಕೆಳಗಿಟ್ಟು, ಆ ಮಾತಿಗೆ ಬೇಕಾದ ಶಬ್ದಗಳನ್ನು ಒಂದೊಂದಾಗಿ ಹುಡುಕಿ ಹೇಳತೊಡಗಿದ.